ರೈಸ್ ಮಿಲ್ ಡೇಟಾ ಎಲ್ಲಿಡಬೇಕು? ಸರ್ವರ್, ನ್ಯಾಸ್, ಕ್ಲೌಡ್ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ

ಗಂಗಾವತಿ_ಸೋನಾ:
ಎಲ್ಲರಿಗೂ ನಮಸ್ಕಾರ. ಕಾರಟಗಿ ರೋಡಿನಲ್ಲಿ ನಮ್ಮದೊಂದು ರೈಸ್ ಮಿಲ್ ಇದೆ. ಗಂಗಾವತಿ ಊರೊಳಗೆ ಅಕ್ಕಿ ಅಂಗಡಿ, ಅದರ ಮೇಲೆಯೇ ಮನೆ. ಮಿಲ್ ಆಫೀಸಿನಲ್ಲಿ ನಾಲ್ಕು ಕಂಪ್ಯೂಟರ್ ಇವೆ. ಟ್ಯಾಲಿ ಒಂದರಲ್ಲಿ, ಕಾಟಾ ಸಾಫ್ಟ್‌ವೇರ್ ಇನ್ನೊಂದರಲ್ಲಿ, ರೈತರ ಆಧಾರ್ ಮತ್ತು ಪಾಸ್‌ಬುಕ್ ಸ್ಕ್ಯಾನ್, ಲಾರಿ ಬಿಲ್ಟಿ, ಇ-ವೇ ಬಿಲ್ ಎಲ್ಲಾ ಎಲ್ಲೆಲ್ಲೋ ಬಿದ್ದಿವೆ. ನಮ್ಮ ಗುಮಾಸ್ತರು ವಾರಕ್ಕೊಮ್ಮೆ ಪೆನ್ ಡ್ರೈವಿಗೆ ಹಾಕಿಕೊಂಡು ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ, ಅದೇ ನಮ್ಮ ಬ್ಯಾಕಪ್. ಇದರ ಮೇಲೆ 8 ಕ್ಯಾಮೆರಾ ಸಿಸಿಟಿವಿ. ಚೀಲದ ಲೆಕ್ಕದಲ್ಲಿ ಲಾರಿಯವರ ಜೊತೆ ತಕರಾರು ಬಂದರೆ ಅದೇ ಸಾಕ್ಷಿ, ಹಾಗಾಗಿ ಒಂದು ತಿಂಗಳ ರೆಕಾರ್ಡಿಂಗ್ ಇರಲೇಬೇಕು ಅಂತ ಅಪ್ಪಾಜಿ ಹಟ ಹಿಡಿದಿದ್ದಾರೆ.

ಒಬ್ಬ ಡೀಲರ್ ಟವರ್ ಸರ್ವರ್ ತಗೊಳ್ಳಿ ಅಂತಾರೆ. ಇನ್ನೊಬ್ಬರು ನ್ಯಾಸ್ (ಆಫೀಸಿನ ನೆಟ್‌ವರ್ಕಿಗೆ ಜೋಡಿಸಿ ಎಲ್ಲರೂ ಫೈಲ್ ಇಡುವ ಡಿಸ್ಕ್ ಡಬ್ಬಿ) ಸಾಕು ಅಂತಾರೆ. ಆಡಿಟರ್ ಆಫೀಸಿನ ಹುಡುಗ ಎಲ್ಲಾ ಕ್ಲೌಡಿಗೆ ಹಾಕಿಬಿಡಿ ಸರ್ ಅಂತಾನೆ. ಸುಮ್ನೆ ದುಡ್ಡು ಸುರಿಯೋಕೆ ಇಷ್ಟ ಇಲ್ಲ. ತಿಳಿದವರು ಸ್ವಲ್ಪ ಹೇಳಿ.

ರಾಯಚೂರು_ಸಿಸ್ಟಂ:
ಯಾವ ಡಬ್ಬಿ ಅನ್ನೋದು ಆಮೇಲೆ ನೋಡೋಣ ಸರ್. ನಾಳೆ ಬೆಳಗ್ಗೆ ಟ್ಯಾಲಿ ಕಂಪ್ಯೂಟರ್ ಆನ್ ಆಗಲಿಲ್ಲ ಅಂದುಕೊಳ್ಳಿ. ಸುಗ್ಗಿ ಟೈಮು, ಗೇಟಿನ ಹೊರಗೆ ಭತ್ತದ ಟ್ರ್ಯಾಕ್ಟರ್ ಸಾಲು ನಿಂತಿದೆ. ಎಷ್ಟು ಗಂಟೆ ತಡೆದುಕೊಳ್ಳುತ್ತೀರಿ? ಒಂದು ದಿನದ ಎಂಟ್ರಿ ಹೋದರೆ ಕಾಟಾ ಚೀಟಿ ನೋಡಿ ಮತ್ತೆ ಹೊಡೆಯಬಹುದು, ಒಂದು ವಾರದ್ದು ಹೋದರೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಡೀಲರ್‌ಗಳು ಇದನ್ನು ಮಾತ್ರ ಕೇಳೋದಿಲ್ಲ.

ಸಿಸಿಟಿವಿಯನ್ನು ಈ ಲೆಕ್ಕದಿಂದ ಹೊರಗಿಡಿ. ಒಂದು ಕ್ಯಾಮೆರಾ 2 ಎಂಬಿಪಿಎಸ್‌ನಲ್ಲಿ ರೆಕಾರ್ಡ್ ಮಾಡಿದರೆ ದಿನಕ್ಕೆ 21 ಜಿಬಿ ಮೇಲೆ ಆಗುತ್ತದೆ. 8 ಕ್ಯಾಮೆರಾ, 30 ದಿನ, ಅಂದರೆ 5 ಟಿಬಿ ದಾಟಿತು. ಇದು ಕ್ಲೌಡಿಗೆ ಹೋಗುವ ಮಾಲಲ್ಲ. ನಿಮ್ಮ ಲೈನಿನಲ್ಲಿ ಅಪ್‌ಲೋಡ್ 20 ಎಂಬಿಪಿಎಸ್ ಸಿಕ್ಕರೂ 1 ಟಿಬಿ ಮೇಲೇರಲು ನಾಲ್ಕೂವರೆ ದಿನ ಬೇಕು, ಅಷ್ಟು ದಿನ ಬೇರೆ ಕೆಲಸಕ್ಕೆ ಲೈನ್ ಇಲ್ಲ. ಕ್ಯಾಮೆರಾ ರೆಕಾರ್ಡಿಂಗ್ ಉಳಿಸುವ ಡಿವಿಆರ್‌ನಲ್ಲೇ 6 ಟಿಬಿ ಸರ್ವೇಲನ್ಸ್ (ಸಿಸಿಟಿವಿಗೆಂದೇ ಮಾಡಿದ) ಡಿಸ್ಕ್ ಹಾಕಿಸಿ. ತಕರಾರು ಬಂದ ದಿನದ ಕ್ಲಿಪ್ ಮಾತ್ರ ಬೇರೆ ತೆಗೆದಿಡಿ.

ಉಳಿದದ್ದೆಲ್ಲ ಸೇರಿಸಿದರೂ ನೂರು ಜಿಬಿ ಆಗೋದು ಕಷ್ಟ. ಅದಕ್ಕೆ ಟವರ್ ಸರ್ವರ್ ಬೇಕಿಲ್ಲ. ಎರಡು ಡಿಸ್ಕಿನ ನ್ಯಾಸ್ ಸಾಕು. ರೈಡ್ 1 ಅಂತ, ಅಂದರೆ ಎರಡೂ ಡಿಸ್ಕಿನಲ್ಲಿ ಒಂದೇ ಡೇಟಾ ಬರೆಯುವ ಹಾಗೆ ಇಟ್ಟರೆ ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲುವುದಿಲ್ಲ. ಆದರೆ ರೈಡ್ ಇದೆ, ಇನ್ನು ಬ್ಯಾಕಪ್ ಯಾಕೆ ಅನ್ನಬೇಡಿ, ಯಾರಾದರೂ ಫೋಲ್ಡರ್ ಡಿಲೀಟ್ ಮಾಡಿದರೆ ಎರಡೂ ಡಿಸ್ಕಿನಿಂದ ಒಂದೇ ಸಲ ಹೋಗುತ್ತದೆ. ಒಟ್ಟು ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ನಿಮಗೆ ಊರೊಳಗೆ ಮನೆ ಇದೆ, ಇದಕ್ಕಿಂತ ಇನ್ನೇನು ಬೇಕು? ಎರಡು ಎಕ್ಸ್‌ಟರ್ನಲ್ ಡಿಸ್ಕ್ ತಗೊಳ್ಳಿ, ಒಂದು ಮಿಲ್ಲಿನಲ್ಲಿ, ಒಂದು ಮನೆಯಲ್ಲಿ, ಶನಿವಾರ ಅದಲು ಬದಲು. ಬ್ಯಾಕಪ್ ಮುಗಿದ ತಕ್ಷಣ ವೈರ್ ಕಿತ್ತುಬಿಡಿ. ಚುಚ್ಚಿಯೇ ಇದ್ದರೆ, ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ರಾನ್ಸಮ್‌ವೇರ್ ಬಂದಾಗ ಅದೂ ಲಾಕ್ ಆಗುತ್ತದೆ. ಕ್ಲೌಡಿಗೆ ಟ್ಯಾಲಿ ಬ್ಯಾಕಪ್ ಮತ್ತು ಸ್ಕ್ಯಾನ್ ಮಾತ್ರ, ರಾತ್ರಿ ಹೋಗುವ ಹಾಗೆ ಇಡಿ.

ನಮ್ಮ ಕಡೆಯವರು ಮರೆಯುವ ವಿಷಯ ಬಿಸಿಲು. ಸಣ್ಣ ನ್ಯಾಸ್‌ಗಳ ಡಬ್ಬಿ ಮೇಲೆ ನೋಡಿ, ಸಾಮಾನ್ಯವಾಗಿ 0ರಿಂದ 40 ಡಿಗ್ರಿ ಅಂತ ಇರುತ್ತದೆ. ಅದು ಕೋಣೆಯ ಬಿಸಿ. ರಾಯಚೂರು, ಬಳ್ಳಾರಿ, ಕೊಪ್ಪಳ ಯಾವುದೇ ಇರಲಿ, ಮೇ ತಿಂಗಳಲ್ಲಿ ಹೊರಗಿನ ನೆರಳಲ್ಲೇ 40 ದಾಟುತ್ತದೆ, ಇನ್ನು ತಗಡಿನ ಶೆಡ್ಡು, ಅದರೊಳಗೆ ಬೀಗ ಹಾಕಿದ ಕಬ್ಬಿಣದ ಬೀರು ಅಂದರೆ ಕೇಳಬೇಡಿ. ಮಿಲ್ಲಿನಲ್ಲಿ ತೌಡಿನ ಧೂಳು ಬೇರೆ, ಫ್ಯಾನ್ ಒಳಗೆ ಹೋಗಿ ಮೆತ್ತಿಕೊಳ್ಳುತ್ತದೆ. ಎಸಿ ಇರುವ, ಬಾಗಿಲು ಮುಚ್ಚುವ ಕೋಣೆ ಇದ್ದರೆ ಅಲ್ಲಿಡಿ, ಇಲ್ಲದಿದ್ದರೆ ನ್ಯಾಸ್ ಅನ್ನು ಅಂಗಡಿಯಲ್ಲಿಡುವುದನ್ನೇ ಯೋಚಿಸಿ. ದೊಡ್ಡ ಮೋಟಾರ್ ಸ್ಟಾರ್ಟ್ ಆದಾಗ ವೋಲ್ಟೇಜ್ ಬೀಳುತ್ತದೆ ಅಲ್ವಾ, ಅದಕ್ಕೆ ಆನ್‌ಲೈನ್ ಯುಪಿಎಸ್ ಹಾಕಿ ಯುಎಸ್‌ಬಿ ವೈರಿನಿಂದ ನ್ಯಾಸ್‌ಗೆ ಜೋಡಿಸಿ. ಕರೆಂಟ್ ಹೋಗಿ ಬ್ಯಾಟರಿ ಇಳಿದರೆ ತಾನೇ ಸರಿಯಾಗಿ ಆಫ್ ಆಗುತ್ತದೆ.

ಕೌಲ್‌ಬಜಾರ್_ಜೀನ್ಸ್:
ಇಷ್ಟೆಲ್ಲ ಯಾಕ್ರೀ? ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಯೂನಿಟ್. ಪ್ಯಾಟರ್ನ್ ಫೈಲ್, ಆನ್‌ಲೈನಿಗೆ ಹಾಕುವ ಫೋಟೋ, ಬಿಲ್ಲು ಎಲ್ಲಾ ಕ್ಲೌಡಿನಲ್ಲೇ. ಧೂಳಿಲ್ಲ, ಯುಪಿಎಸ್ ಇಲ್ಲ, ಅಹಮದಾಬಾದಿನ ಪಾರ್ಟಿಗೆ ಲಿಂಕ್ ಕಳಿಸಿದರೆ ಮುಗೀತು. ನ್ಯಾಸೇ ಬೇಕಂದರೂ ರೂಟರ್‌ನಲ್ಲಿ ಪೋರ್ಟ್ (ಇಂಟರ್ನೆಟ್‌ನಿಂದ ಒಳಗೆ ಬರುವ ದಾರಿ) ತೆಗೆದರೆ ಅದನ್ನೂ ಎಲ್ಲಿಂದ ಬೇಕಾದರೂ ನೋಡಬಹುದು.

ರಾಯಚೂರು_ಸಿಸ್ಟಂ:
ಅಣ್ಣಾ, ನಿಮ್ಮ ಕೆಲಸಕ್ಕೆ ಕ್ಲೌಡ್ ಸರಿ, ಹೊರಗಿನವರ ಜೊತೆ ಫೈಲ್ ಹಂಚೋದೇ ನಿಮ್ಮ ವ್ಯಾಪಾರ. ಆದರೆ ಪೋರ್ಟ್ ತೆಗೆಯೋ ಮಾತು ದಯವಿಟ್ಟು ಬೇಡ. 2022ರಲ್ಲಿ ಡೆಡ್‌ಬೋಲ್ಟ್ ಅನ್ನೋ ರಾನ್ಸಮ್‌ವೇರ್ ಇಂಟರ್ನೆಟ್‌ಗೆ ತೆರೆದಿದ್ದ ಸಾವಿರಾರು ನ್ಯಾಸ್‌ಗಳನ್ನೇ ಹುಡುಕಿ ಲಾಕ್ ಮಾಡಿತು. ಹೊರಗಿಂದ ನೋಡಬೇಕಂದರೆ ವಿಪಿಎನ್ (ಇಂಟರ್ನೆಟ್ ಮೇಲೆ ನಿಮಗೆ ಮಾತ್ರ ತೆರೆಯುವ ಗುಪ್ತ ದಾರಿ) ಹಾಕಿಕೊಳ್ಳಿ.

ಲೆಕ್ಕದ_ಮನುಷ್ಯ:
ನಾನು ಟ್ಯಾಕ್ಸ್ ಕೆಲಸ ಮಾಡುವವನು, ಸಿಂಧನೂರು ಕಡೆ. ಜಿಎಸ್‌ಟಿ ಕಾಯ್ದೆ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಕೊಡುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. 2023-24ರ ಲೆಕ್ಕಕ್ಕೆ ಕೊನೆಯ ದಿನ 2024ರ ಡಿಸೆಂಬರ್ 31. ಅಂದರೆ 2030ರ ಡಿಸೆಂಬರ್ ಮುಗಿಯುವ ತನಕ. ಕೇಸ್ ನಡೆಯುತ್ತಿದ್ದರೆ ಇನ್ನೂ ಜಾಸ್ತಿ. ಜೇಬಿನ ಪೆನ್ ಡ್ರೈವ್ ನಂಬಿ ಅಷ್ಟು ವರ್ಷ ಕೂರೋಕೆ ಆಗುತ್ತಾ? ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಇನ್ನೊಂದಿದೆ. ಲೆಕ್ಕದ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲಿ ದಿನವೂ ಇರಬೇಕು, 2022ರಲ್ಲಿ ನಿಯಮ ಹಾಗೆ ಬದಲಾಯಿತು. ಪಾಲುದಾರಿಕೆ ಫರ್ಮ್‌ಗೆ ಈ ನಿಯಮ ಇಲ್ಲ.

ಟ್ಯಾಲಿ ಡೇಟಾ ಫೋಲ್ಡರನ್ನೇ ಕ್ಲೌಡ್ ಸಿಂಕ್ ಫೋಲ್ಡರಿನೊಳಗೆ ಇಡಬೇಡಿ. ಒಂದು ಕಡೆ ಟ್ಯಾಲಿ ಬರೆಯುತ್ತಿರುವಾಗ ಇನ್ನೊಂದು ಕಡೆ ಸಿಂಕ್ ಎಳೆದುಕೊಂಡರೆ ಡೇಟಾ ಕೆಡುತ್ತದೆ. ಟ್ಯಾಲಿಯಲ್ಲೇ ಬ್ಯಾಕಪ್ ತೆಗೆದು ಆ ಫೈಲ್ ಮಾತ್ರ ಕಳಿಸಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡಿ. ನನ್ನ ಹತ್ತಿರ ಬರುವವರಲ್ಲಿ ಬ್ಯಾಕಪ್ ಇದೆ ಅನ್ನುವವರು ಬಹಳ, ತೆರೆದು ನೋಡಿದವರು ಕಡಿಮೆ.

ರೈತರ ಆಧಾರ್ ಸ್ಕ್ಯಾನ್ ಪೂರ್ತಿ ಬೇಕೇ ಅಂತಲೂ ಒಮ್ಮೆ ಕೇಳಿಕೊಳ್ಳಿ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಸಿಗುತ್ತದೆ. ಇಟ್ಟುಕೊಳ್ಳದ ಡೇಟಾ ಕದ್ದು ಹೋಗೋದಿಲ್ಲ.

ಗಂಗಾವತಿ_ಸೋನಾ:
ಬಹಳ ಉಪಕಾರ ಆಯಿತು. ನಮ್ಮದು ಪಾಲುದಾರಿಕೆ ಫರ್ಮು. ಸರ್ವರ್ ಬೇಡ ಅಂತ ತೀರ್ಮಾನ ಮಾಡಿದೆವು. ನ್ಯಾಸ್ ಅಂಗಡಿಯಲ್ಲಿ ಬೇಡ, ಮಿಲ್ಲಿನಲ್ಲಿ ಅಪ್ಪಾಜಿ ಕೂರುವ ಎಸಿ ಕೋಣೆಯಲ್ಲೇ ಇಡುತ್ತೇವೆ. ಒಂದೇ ಅನುಮಾನ, ಡಿವಿಆರ್‌ಗೆ ಹೊಸ ಡಿಸ್ಕ್ ಹಾಕಿದ ಮೇಲೆ ಹಳೇ 2 ಟಿಬಿ ಡಿಸ್ಕ್ ಉಳಿಯುತ್ತದೆ. ಅದನ್ನು ನ್ಯಾಸ್‌ಗೆ ಹಾಕಿದರೆ ಒಂದು ಡಿಸ್ಕಿನ ದುಡ್ಡು ಉಳಿಯಲ್ವಾ?

ರಾಯಚೂರು_ಸಿಸ್ಟಂ:
ಬೇಡ ಸರ್. ವರ್ಷಾನುಗಟ್ಟಲೆ ಹಗಲು ರಾತ್ರಿ ಬರೆದು ಸವೆದಿರುವ ಡಿಸ್ಕ್ ಅದು. ನ್ಯಾಸ್‌ಗೆ ಹಾಕಿದರೆ ಮೊದಲು ಫಾರ್ಮ್ಯಾಟ್ ಆಗುತ್ತದೆ, ಹಳೇ ರೆಕಾರ್ಡಿಂಗ್ ಹೋಗುತ್ತದೆ. ತಕರಾರಿನ ಕ್ಲಿಪ್ ಏನಾದರೂ ಇದ್ದರೆ ಡಿವಿಆರ್‌ನಿಂದ ಬಿಚ್ಚುವ ಮೊದಲೇ ಪೆನ್ ಡ್ರೈವಿಗೆ ಎಕ್ಸ್‌ಪೋರ್ಟ್ ಮಾಡಿಸಿ. ಡಿವಿಆರ್ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದರೆ ಹೆಚ್ಚಿನ ಸಲ ಓದೋದೇ ಇಲ್ಲ.