ಅಪ್‌ಡೇಟ್: ಅಣ್ಣನ ಕುಡಿತ ಬಿಡಿಸೋ ವಿಚಾರ

ದಿನಾ ಕುಡಿಯುವ ಅಣ್ಣನಿಗೆ ಮನೆಯಲ್ಲೇ ಒಮ್ಮೆಲೇ ಬಿಡಿಸಬಹುದಾ ಅಂತ ಕೇಳಿದ್ದೆ. ಬೇಡ, ಡಾಕ್ಟರಿಗೆ ತೋರಿಸಿ ಅಂದಿದ್ದಿರಿ. ತೋರಿಸಿದೆವು. ವರ್ಷಗಟ್ಟಲೆ ಜಾಸ್ತಿ ಕುಡಿದವರು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತು ಬರಬಹುದು ಅಂದರು. ಅಡ್ಮಿಟ್ ಮಾಡಿಕೊಂಡು ಫಿಟ್ಸ್ ತಡೆಯುವ ಡಯಾಜೆಪಾಮ್ ಔಷಧಿ ಕೊಟ್ಟು ಡೋಸ್ ಮೆಲ್ಲಗೆ ಇಳಿಸಿದರು. ಜೊತೆಗೆ ವಿಟಮಿನ್ ಬಿ1 ಇಂಜೆಕ್ಷನ್. ಕೈ ನಡುಕಕ್ಕೆ ನೀರಿನ ಲೋಟ ನಾನೇ ಹಿಡಿಯಬೇಕಿತ್ತು.

ಈಗ ಕುಡಿಯೋ ಚಪಲ ತಗ್ಗಿಸಲು ನಾಲ್ಟ್ರೆಕ್ಸೋನ್ ಮಾತ್ರೆ, ಕೌನ್ಸೆಲಿಂಗ್. ನಡುವೆ ಒಂದ್ಸಲ ಮತ್ತೆ ಕುಡಿದ. ಅಮ್ಮ ಕುಸಿದೇಹೋದರು. ಕೌನ್ಸೆಲರ್ ಬೈಯಲಿಲ್ಲ. ಅವತ್ತು ಯಾರ ಜೊತೆ ಇದ್ದೆ, ಏನಾಗಿತ್ತು ಅಂತ ಕೇಳಿ ಬರೆದುಕೊಂಡರು. ನನಗೆ ತುಂಬಾ ಹಿಡಿಸಿತು.

ಗೊತ್ತಾಗದಂತೆ ಊಟದಲ್ಲಿ ಮಾತ್ರೆ ಬೆರೆಸಿ ಅಂತ ಒಬ್ಬರು ಹೇಳಿದ್ದರಲ್ವಾ? ದಯವಿಟ್ಟು ಬೇಡ. ಹಾಗೆ ಬೆರೆಸುವ ಡೈಸಲ್ಫಿರಾಮ್ (ಕುಡಿದರೆ ವಾಂತಿ, ಸಂಕಟ ತರಿಸುವ ಮಾತ್ರೆ) ಒಳಗಿರುವಾಗ ಕುಡಿದರೆ ಬಿಪಿ ಕುಸಿದು ಪ್ರಾಣವೇ ಹೋಗಬಹುದಂತೆ.