ಅಣ್ಣನಿಗೆ ಕಿಡ್ನಿ ಕೊಡಲ್ಲ ಅನ್ನೋಕೆ ನನಗೆ ಹಕ್ಕಿದೆಯಾ?

ನಾಲೆಬದಿ ಹುಡುಗಿ, ಮೈಸೂರು

ನಮ್ಮೂರು ಪಾಂಡವಪುರದ ಕಡೆ. ಈಗ ಮೈಸೂರಿನ ಕುವೆಂಪುನಗರದಲ್ಲಿದ್ದೇನೆ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ವಯಸ್ಸು 41. ‘ಹುಡುಗಿ’ ಅನ್ನೋ ಹೆಸರು ಮಗಳು ಇಟ್ಟಿದ್ದು, ನಗಬೇಡಿ.

ಅಣ್ಣನಿಗೆ 46. ಬಿಪಿ ಇತ್ತು, ಮಾತ್ರೆ ಸರಿಯಾಗಿ ನುಂಗಲಿಲ್ಲ. ಎರಡೂ ಕಿಡ್ನಿ ಹೋಯಿತು. ಒಂದೂವರೆ ವರ್ಷದಿಂದ ವಾರಕ್ಕೆ 3 ಸಲ ಡಯಾಲಿಸಿಸ್, ಒಂದೊಂದು ಸಲಕ್ಕೆ 4 ಗಂಟೆ. ಕುಡಿಯೋಕೆ ದಿನಕ್ಕೆ ಒಂದು ಲೀಟರ್ ಮಾತ್ರ. ಕಾಫಿ, ಸಾರು, ಮಜ್ಜಿಗೆ ಎಲ್ಲ ಅದರಲ್ಲೇ. ಊರಲ್ಲಿ ನಮ್ಮ ಮನೆ ಹಿಂದೆಯೇ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ. ನೀರು ಬಿಟ್ಟಾಗ ಅಣ್ಣ ಜಗಲಿ ಮೇಲೆ ಕೂತು ಆ ಸದ್ದು ಕೇಳುತ್ತಾ ಒಂದು ತುಂಡು ಐಸ್ ಚೀಪುತ್ತಿರುತ್ತಾನೆ. ಜೀವನವಿಡೀ ಗದ್ದೆಗೆ ನೀರು ಕಟ್ಟಿದವನು.

ಹೋದ ಯುಗಾದಿಗೆ ಹೋಗಿದ್ದೆ. ಅವನ ಎಡಗೈಯಲ್ಲಿ ಎರಡು ರಕ್ತನಾಳ ಸೇರಿಸಿ ಫಿಸ್ಟುಲಾ ಮಾಡಿದ್ದಾರೆ, ಸೂಜಿ ಚುಚ್ಚೋಕೆ. ನನ್ನ ಕೈ ಹಿಡಿದು ಅದರ ಮೇಲೆ ಇಟ್ಟ. ಚರ್ಮದ ಕೆಳಗೆ ಬೆಕ್ಕು ಗುರುಗುಟ್ಟಿದ ಹಾಗೆ ಸರ್‍ರ್ ಅನ್ನುತ್ತಿತ್ತು. “ಇದು ನಿಂತ್ರೆ ತಕ್ಷಣ ಆಸ್ಪತ್ರೆಗೆ ಓಡ್ಬೇಕಂತೆ” ಅಂದ. ಅಷ್ಟೇ. ಬೇರೇನೂ ಕೇಳಲಿಲ್ಲ.

ಕೇಳುತ್ತಿರುವುದು ಉಳಿದವರು. ಅಣ್ಣನದು ಒ ಪಾಸಿಟಿವ್. ಅತ್ತಿಗೆ ಕೊಡೋಕೆ ಸಿದ್ಧ, ಆದರೆ ಅವರದು ಬಿ. ಅವ್ವನಿಗೆ ಸಕ್ಕರೆ ಕಾಯಿಲೆ. ನನ್ನದು ಒ. ತಮ್ಮನದೂ ಒ, ಇದನ್ನು ಗಮನಿಸಿ! ಅವನು ದುಡಿಯೋ ಗಂಡಸು, ಚಿಕ್ಕ ಮಕ್ಕಳಿದ್ದಾರೆ ಅಂತ ಯಾರೂ ಅವನ ಕಡೆ ತಿರುಗಿ ನೋಡುತ್ತಿಲ್ಲ. ನಾನು ತಿಂಗಳಿಗೆ ಎಷ್ಟು ಬ್ಲೌಸ್ ಹೊಲಿದರೂ ಅದು ದುಡಿಮೆ ಅಲ್ಲ, ಅಲ್ವಾ?

ಇನ್ನೊಂದು ವಿಷಯ ಇದೆ, ಹೇಳೋಕೆ ನಾಚಿಕೆ. 2012ರಲ್ಲಿ ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದರು. ಹಕ್ಕು ಖುಲಾಸೆ ಪತ್ರ, ಅಂದರೆ ಗದ್ದೆಯಲ್ಲಿ ನನ್ನ ಪಾಲು ಬಿಟ್ಟೆ ಅಂತ ಬರೆದುಕೊಡೋದು. 2005ರಲ್ಲೇ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕಾನೂನು ಬಂದಿದ್ದು ನನಗೆ ಗೊತ್ತಿತ್ತು. ಆದರೂ “ತವರುಮನೆ ಬಾಗ್ಲು ಮುಚ್ಕೊಬೇಡ ಕಣವ್ವ” ಅಂದರು, ಹೆಬ್ಬೆಟ್ಟಿಗೆ ಶಾಯಿ ಹಚ್ಚಿದರು, ಒಂದು ರೇಷ್ಮೆ ಸೀರೆ ಕೊಟ್ಟರು. ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ತಿಂದು ಮೈಸೂರಿಗೆ ಬಂದೆ.

ಈಗ ಅವ್ವ ಫೋನ್ ಮಾಡಿ, “ಅವ್ನು ನಿನ್ನ ಬೆನ್ನಿಗೆ ಬಿದ್ದೋನಲ್ಲ, ನೀನು ಅವ್ನ ಬೆನ್ನಿಗೆ ಬಿದ್ದೋಳು” ಅನ್ನುತ್ತಾಳೆ. ಅಣ್ಣ ಬದುಕಬೇಕು ಅಂತ ನನಗೂ ಇದೆ. ಆದರೆ ಈ ಸಲದ ಸಹಿ ಆವತ್ತಿನ ಹೆಬ್ಬೆಟ್ಟಿನ ಥರಾನೇ ಆಗುತ್ತಾ ಅನ್ನೋ ಪ್ರಶ್ನೆ ರಾತ್ರಿ ಮಲಗೋಕೆ ಬಿಡುತ್ತಿಲ್ಲ. ಒಲ್ಲೆ ಅನ್ನೋಕೆ ಬರದವಳು ಹೂಂ ಅಂದರೆ ಅದು ಒಪ್ಪಿಗೆನಾ?

ಕಬ್ಬಿನ ಜಲ್ಲೆ, ಮದ್ದೂರು

ಅಕ್ಕಾ, ಇಷ್ಟೊಂದು ಯೋಚನೆ ಯಾಕೆ? ನಿಮ್ಮ ಪಾಲಿನ ಗದ್ದೆ ವಾಪಸ್ ಬರೆಸಿಕೊಳ್ಳಿ, ಆಮೇಲೆ ಕಿಡ್ನಿ ಕೊಡಿ. ಒಂದು ಕೈಯಲ್ಲಿ ಪಹಣಿ, ಇನ್ನೊಂದು ಕೈಯಲ್ಲಿ ಒಪ್ಪಿಗೆ ಪತ್ರ. ಇರಾನ್‌ನಲ್ಲಿ ಕಿಡ್ನಿಗೆ ದುಡ್ಡು ಕೊಡೋದನ್ನ ಸರ್ಕಾರವೇ ಒಪ್ಪಿದೆಯಂತೆ. ಇಲ್ಲಿ ಮಾತ್ರ ಎಲ್ಲ ತ್ಯಾಗ, ಅದೂ ಹೆಣ್ಣುಮಕ್ಕಳದು.

ಏಳನೇ ವಾರ್ಡು, ಮೈಸೂರು

ಮೇಲಿನವರ ಸಲಹೆ ದಯವಿಟ್ಟು ಪಾಲಿಸಬೇಡಿ. ನಾನು ಕಸಿ ನಡೆಯುವ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ, ಹೆಸರು ಬೇಡ. 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ಅಂಗಕ್ಕೆ ಬದಲಾಗಿ ಹಣವಷ್ಟೇ ಅಲ್ಲ, ಹಣದ ಬೆಲೆ ಬಾಳುವ ಏನನ್ನೂ ಕೊಡುವಂತಿಲ್ಲ. ಗದ್ದೆಯೂ ಅದರಲ್ಲೇ ಬಂತು. ಒಡಹುಟ್ಟಿದವರು ಅಂತ ರಿಯಾಯಿತಿ ಇಲ್ಲ. 2011ರ ತಿದ್ದುಪಡಿಯ ನಂತರ ಶಿಕ್ಷೆ 5ರಿಂದ 10 ವರ್ಷ, ದಂಡ 20 ಲಕ್ಷದಿಂದ 1 ಕೋಟಿ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಬಡವರ ಕಿಡ್ನಿ ವ್ಯಾಪಾರ ಹೇಗೆ ನಡೆದಿತ್ತು ಅನ್ನೋದು ನೆನಪಿರುವವರಿಗೆ ಈ ಕಾನೂನು ಯಾಕೆ ಇಷ್ಟು ಬಿಗಿ ಅಂತ ಅರ್ಥ ಆಗುತ್ತೆ. ಗದ್ದೆ ನಿಮ್ಮ ಹಕ್ಕು ಅನ್ನೋದಾದರೆ ವಕೀಲರ ಹತ್ತಿರ ಹೋಗಿ, ಅದು ಬೇರೆ ದಾರಿ. ಎರಡನ್ನೂ ಗಂಟು ಹಾಕಬೇಡಿ.

ಆದರೆ ಒಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ದಾನಿಗೆ ಆದ ಖರ್ಚು, ಕೆಲಸಕ್ಕೆ ಹೋಗದೆ ತಪ್ಪಿದ ಸಂಪಾದನೆ, ಇವನ್ನು ಕೊಡುವುದಕ್ಕೆ ಕಾಯ್ದೆಯೇ ಅವಕಾಶ ಕೊಟ್ಟಿದೆ. ನಿಮ್ಮ ಹೊಲಿಗೆಯನ್ನು ಮನೆಯವರು ಲೆಕ್ಕಕ್ಕೆ ಹಿಡಿಯದಿದ್ದರೂ ಕಾನೂನು ಹಿಡಿಯುತ್ತೆ.

ಇನ್ನೊಂದು. 2014ರ ನಿಯಮಗಳಲ್ಲಿ ದಾನಿ ಹೆಂಗಸಾಗಿದ್ದರೆ ಹೆಚ್ಚು ಎಚ್ಚರ ವಹಿಸಬೇಕು, ಅವಳು ಸ್ವಂತ ಮನಸ್ಸಿನಿಂದ ಒಪ್ಪಿದ್ದಾಳೆ ಅನ್ನೋದನ್ನ ರೋಗಿಯನ್ನು ಬಿಟ್ಟು ಬೇರೆಯವರು ಖಚಿತಪಡಿಸಬೇಕು ಅಂತ ಇದೆ. ಸುಮ್ನೆ ಬರೆದದ್ದಲ್ಲ. ನೀವು ಕೇಳಿದ ಪ್ರಶ್ನೆ ನಿಮಗಿಂತ ಮೊದಲು ಎಷ್ಟೋ ಜನಕ್ಕೆ ಬಂದಿದೆ. ಡಾಕ್ಟರ ಹತ್ತಿರ ಒಬ್ಬರೇ ಮಾತಾಡಬೇಕು ಅಂತ ಕೇಳಿ. “ಮನಸ್ಸಿಲ್ಲ” ಅಂತ ನೀವು ಹೇಳಿದರೆ ನಾವು ಮನೆಯವರಿಗೆ “ಇವರು ದಾನಕ್ಕೆ ಆಗಲ್ಲ” ಅಂತಷ್ಟೇ ಹೇಳುತ್ತೇವೆ. ಕಾರಣ ಹೇಳಲ್ಲ.

ಅತ್ತಿಗೆಯವರ ಬಿ ಗುಂಪಿನ ಬಗ್ಗೆ: ಇದೇ ಥರ ಗುಂಪು ಹೊಂದದ ಬೇರೆ ರೋಗಿ-ದಾನಿ ಜೋಡಿ ಜೊತೆ ಕಿಡ್ನಿ ಅದಲು ಬದಲು ಮಾಡಬಹುದು, ಕಾನೂನಿದೆ. ಆದರೆ ಒ ರೋಗಿಗೆ ಒ ಕಿಡ್ನಿಯೇ ಬೇಕು. ಒ ದಾನಿ ಯಾವ ಗುಂಪಿನವರಿಗೂ ಕೊಡಬಹುದಾದ್ದರಿಂದ ಅಂಥವರು ಅದಲು ಬದಲಿಗೆ ಬರೋದೇ ಕಡಿಮೆ. ಗುಂಪು ಹೊಂದದಿದ್ದರೂ ಕಸಿ ಮಾಡುವ ವಿಧಾನ ಇದೆ, ಖರ್ಚೂ ಸೋಂಕಿನ ಭಯವೂ ಜಾಸ್ತಿ. ಇದೆಲ್ಲ ಏನೇ ಇರಲಿ, ಅಣ್ಣನ ಹೆಸರನ್ನು ಆಸ್ಪತ್ರೆ ಮೂಲಕ ‘ಜೀವಸಾರ್ಥಕತೆ’ ಪಟ್ಟಿಯಲ್ಲಿ, ಅಂದರೆ ತೀರಿಕೊಂಡವರ ಅಂಗಕ್ಕಾಗಿ ಕಾಯುವವರ ರಾಜ್ಯದ ಪಟ್ಟಿಯಲ್ಲಿ, ಬರೆಸಿದ್ದೀರಾ? ಮೊದಲು ಅದನ್ನು ಮಾಡಿಸಿ.

ಅವರೆಕಾಳು ಸಾರು, ಮೈಸೂರು

ನಾನು 2016ರಲ್ಲಿ ಯಜಮಾನರಿಗೆ ಕೊಟ್ಟವಳು. ಹೆದರಿಸೋಕೂ ಇಲ್ಲ, ಹೊಗಳೋಕೂ ಇಲ್ಲ, ಆದದ್ದು ಹೇಳುತ್ತೇನೆ.

ರಕ್ತದ ಗುಂಪು ಹೊಂದಿತು ಅಂದರೆ ಮುಗಿಯಲಿಲ್ಲ. ಕ್ರಾಸ್‌ಮ್ಯಾಚ್ (ಅವರ ರಕ್ತ ನನ್ನದನ್ನು ವಿರೋಧಿಸುತ್ತಾ ಅಂತ), ಡಿಟಿಪಿಎ ಸ್ಕ್ಯಾನ್ (ಒಂದೊಂದು ಕಿಡ್ನಿ ಎಷ್ಟು ಕೆಲಸ ಮಾಡುತ್ತೆ ಅಂತ), ಸಿಟಿ ಆಂಜಿಯೋ (ಕಿಡ್ನಿಯ ರಕ್ತನಾಳ ನೋಡೋಕೆ), ಒಂದಿಡೀ ದಿನದ ಮೂತ್ರ ಕ್ಯಾನಿನಲ್ಲಿ ಹಿಡಿದು ಕೊಡೋದು. (ಆ ಕ್ಯಾನ್ ಹಿಡಿದು ಸಿಟಿ ಬಸ್ಸಿನಲ್ಲಿ ಕೂತಿದ್ದೆ, ಪಕ್ಕದವರು ಎಣ್ಣೆನಾ ಅಂತ ಕೇಳಿದರು.) ಸಾಮಾನ್ಯವಾಗಿ ಎಡಗಡೆಯದನ್ನೇ ತೆಗೆಯುತ್ತಾರೆ, ಅದರ ರಕ್ತನಾಳ ಉದ್ದ ಇರುತ್ತೆ. ದಾನಿ ಸಾಯುವ ಅಪಾಯ 10,000ಕ್ಕೆ ಸುಮಾರು 3 ಅಂತ ಡಾಕ್ಟರು ಮುಚ್ಚಿಡದೆ ಹೇಳಿದರು. ಸಣ್ಣದೇ, ಸೊನ್ನೆ ಅಲ್ಲ. ಉಳಿದ ಕಿಡ್ನಿ ಸ್ವಲ್ಪ ದೊಡ್ಡದಾಗಿ ಕೆಲಸ ಹಂಚಿಕೊಳ್ಳುತ್ತೆ. ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸೋ ರಕ್ತ ಪರೀಕ್ಷೆ) ನೋಡಿಸುತ್ತೇನೆ. ನೋವಿನ ಮಾತ್ರೆ ಕೇಳದೆ ನುಂಗಲ್ಲ.

ನೋವಿಗಿಂತ ಜಾಸ್ತಿ ನೆನಪಿರೋದು ಇನ್ನೊಂದು. ಮನೆಗೆ ಬಂದ ಮೇಲೆ ನೆಂಟರೆಲ್ಲ ಫೋನ್ ಮಾಡಿ ಯಜಮಾನರನ್ನು ಹೇಗಿದ್ದೀರಿ ಅಂತ ಕೇಳಿದರು. ಸೋಂಕಿನ ಭಯ, ಯಾರೂ ಒಳಗೆ ಬರುವ ಹಾಗಿಲ್ಲ. ಗೇಟಿನ ಹತ್ತಿರ ಹಣ್ಣು ಇಟ್ಟು ಹೋದವರಿಗೆ 12ನೇ ದಿನ ಕಾಫಿ ಮಾಡಿ ಹೊರಗೆ ತಂದುಕೊಟ್ಟವಳು ನಾನು, ಹೊಟ್ಟೆ ಹಿಡಿದುಕೊಂಡು. ನೀವು ಕೊಡುವುದಾದರೆ ಎರಡು ತಿಂಗಳು ನಿಮಗೆ ಅಡುಗೆ ಮಾಡಿ ಹಾಕೋರು ಯಾರು ಅಂತ ಮೊದಲೇ ಕೇಳಿ. ತವರಿನಿಂದ ಒಬ್ಬರು ಬರಲಿ. ನಿಮ್ಮ ತಮ್ಮನೇ ಬರಲಿ!

ಎಂಟು ಗಂಟೆ ಅಲಾರಂ, ಮಂಡ್ಯ

ನನ್ನ ಹೊಟ್ಟೆಯ ಬಲಗಡೆ ಕೆಳಗೆ ನನ್ನ ಅಕ್ಕನ ಕಿಡ್ನಿ ಇದೆ. ಹತ್ತು ವರ್ಷ ದಾಟಿತು. ಬೆಳಿಗ್ಗೆ 8, ರಾತ್ರಿ 8, ಟ್ಯಾಕ್ರೋಲಿಮಸ್, ಅವಳ ಕಿಡ್ನಿಯನ್ನು ನನ್ನ ಮೈ ತಿರಸ್ಕರಿಸದೆ ಇರೋಕೆ ಮಾತ್ರೆ. ಒಂದು ದಿನವೂ ತಪ್ಪಿಸುವ ಹಾಗಿಲ್ಲ.

ನಾನೂ ಬಾಯಿಬಿಟ್ಟು ಕೇಳಲಿಲ್ಲ. ಕೇಳದೆ ಇದ್ದರೆ ದೊಡ್ಡ ಮನುಷ್ಯ ಅಂದುಕೊಂಡಿದ್ದೆ. ಈಗ ಅನ್ನಿಸುತ್ತೆ, ಅದು ಹೇಡಿತನ. ನಾನು ಕೇಳಿದ್ದರೆ ಅವಳಿಗೆ ‘ಆಗಲ್ಲ ಕಣೋ’ ಅನ್ನೋಕೆ ಒಬ್ಬ ಮನುಷ್ಯ ಎದುರಿಗಿರುತ್ತಿದ್ದ. ಕೇಳದೆ ಮನೆಯವರೆಲ್ಲ ಸೇರಿ ಅವಳನ್ನೇ ನೋಡುತ್ತಾ ಕೂತೆವು. ಯಾರಿಗೆ ಅಂತ ಇಲ್ಲ ಅನ್ನುತ್ತಾಳೆ?

ಇನ್ನೊಂದು ಯಾರೂ ಹೇಳಲ್ಲ. ಆಮೇಲೆ ಅವಳ ಜೊತೆ ಒಂದು ಜಗಳ ಆಡೋಕೆ ಆಗಲಿಲ್ಲ. ಅವಳ ಮಗನಿಗೆ ನಾನು ಕೊಡಿಸಿದ ಬೈಕಿನ ವಿಷಯಕ್ಕೆ ಕೋಪ ಬಂತು, ನುಂಗಿಕೊಂಡೆ. ಮುಂಚೆ ಹೊಡೆದಾಡಿಕೊಳ್ಳುತ್ತಿದ್ದೆವು. ಈಗ ಮರ್ಯಾದೆ ಕೊಟ್ಟು ಮಾತಾಡುತ್ತೇನೆ, ಅವಳಿಗೇ ಬೇಜಾರು.

ನಿಮ್ಮ ಅಣ್ಣನನ್ನ ನೀವೇ ಕೇಳಿ.

ಕಬ್ಬಿನ ಜಲ್ಲೆ, ಮದ್ದೂರು

ಗದ್ದೆ ವಿಷಯ ವಾಪಸ್ ತಗೊಂಡೆ, ಜೈಲಿಗೆ ಹೋಗೋ ಸಲಹೆ ಕೊಟ್ಟೆ ಅಂತ ಗೊತ್ತಿರಲಿಲ್ಲ. ನಟ ಸಂಚಾರಿ ವಿಜಯ್ 2021ರಲ್ಲಿ ಅಪಘಾತದಲ್ಲಿ ಹೋದಾಗ ಮನೆಯವರು ಅಂಗಾಂಗ ದಾನ ಮಾಡಿದರಲ್ಲ, ಹಾಗೆ ಎಲ್ಲರೂ ಮಾಡಿದರೆ ಈ ಅಕ್ಕ ಇಲ್ಲಿ ಬಂದು ಕೇಳೋ ಪರಿಸ್ಥಿತಿಯೇ ಇರಲ್ಲ. ಮೆದುಳು ಸತ್ತಿದೆ ಅಂತ ನಾಲ್ಕು ಡಾಕ್ಟರು 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಹೇಳಿದರೂ ನಮ್ಮ ಜನ “ಎದೆ ಬಡ್ಕೊತಾ ಐತಲ್ಲ” ಅನ್ನುತ್ತಾರೆ. ನಮ್ಮ ಚಿಕ್ಕಪ್ಪನ ವಿಷಯದಲ್ಲಿ ಹಾಗೆ ಅಂದವರಲ್ಲಿ ನಾನೂ ಒಬ್ಬ.

ನಾಲೆಬದಿ ಹುಡುಗಿ, ಮೈಸೂರು

ಎಲ್ಲರಿಗೂ ಉತ್ತರ ಕೊಡೋಕೆ ತಡ ಆಯಿತು. ಮಂಗಳವಾರ ಡಯಾಲಿಸಿಸ್‌ಗೆ ಅಣ್ಣನ ಜೊತೆ ನಾನೇ ಹೋದೆ. ಅತ್ತಿಗೆಗೆ ಮನೆಗೆ ಹೋಗಿ ಮಲಗಿ ಅಂದೆ. ಮೆಷಿನ್ ಪಕ್ಕ 4 ಗಂಟೆ ಸ್ಟೂಲ್ ಮೇಲೆ ಕೂತಿದ್ದೆ. ಎರಡನೇ ಗಂಟೆಯಲ್ಲಿ ಕೇಳಿಯೇಬಿಟ್ಟೆ. “ನಿನಗೆ ನನ್ನ ಕಿಡ್ನಿ ಬೇಕಾ?”

ಅವನು ಮೆಷಿನ್ ಕಡೆ ನೋಡುತ್ತಾ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, “ಬೇಕು. ಆದ್ರೆ ನಿನ್ನನ್ನ ಕೇಳಾಕೆ ಮೊಖ ಇಲ್ಲ. ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡೋದೋನು ನಾನೇ ಅಲ್ವಾ” ಅಂದ. ನಾನು ಆ ಮಾತು ಎತ್ತಿರಲಿಲ್ಲ. ಇಷ್ಟು ವರ್ಷ ಅವನಿಗೂ ಅದು ನೆನಪಿದೆ ಅಂತ ನನಗೆ ಗೊತ್ತಿರಲಿಲ್ಲ.

ಏಳನೇ ವಾರ್ಡಿನವರೇ, ಡಾಕ್ಟರ ಬಾಯಲ್ಲಿ ‘ಆಗಲ್ಲ’ ಅನ್ನಿಸೋ ದಾರಿ ಹೇಳಿದ್ದಕ್ಕೆ ಥ್ಯಾಂಕ್ಸ್. ಅದು ಇದೆ ಅನ್ನೋದೇ ಒಂದು ಧೈರ್ಯ. ಆದರೆ ಅವರ ಹಿಂದೆ ಅಡಗೋದು ನನಗೆ ಬೇಡ ಅನ್ನಿಸಿತು. ಆವತ್ತು ಬಾಯಿ ಬಿಡದೆ ಕೊಟ್ಟೆ, ಈಗ ಬಾಯಿ ಬಿಡದೆ ತಪ್ಪಿಸಿಕೊಂಡರೆ ಅದೂ ಅದೇ ಆಯಿತು.

ಅವ್ವನಿಗೆ ಫೋನ್‌ನಲ್ಲಿ ಹೇಳಿದೆ: ಟೆಸ್ಟ್ ಮಾಡಿಸ್ತೀನಿ, ತಮ್ಮನೂ ಮಾಡಿಸಲಿ, ಕೊಡ್ತೀನಿ ಅಂತ ನಾನಿನ್ನೂ ಹೇಳಿಲ್ಲ. ಅವ್ವ ಫೋನ್ ಇಟ್ಟಳು, ಮೂರು ದಿನದಿಂದ ಮಾತಿಲ್ಲ. ತಮ್ಮ ಮಾತ್ರ ಮೆಸೇಜ್ ಮಾಡಿದ್ದಾನೆ, “ಯಾವತ್ತು ಬರ್ಬೇಕು?” ಅಂತ. ಯಾರೂ ಅವನನ್ನೂ ಕೇಳಿರಲಿಲ್ಲವಂತೆ. ಅಣ್ಣನ ಹೆಸರು ಪಟ್ಟಿಗೆ ಬರೆಸೋ ಅರ್ಜಿಯನ್ನು ಅವತ್ತೇ ತಂದೆ.

ಅವರೆಕಾಳು ಸಾರಿನವರೇ, ಆ ಮೂತ್ರದ ಕ್ಯಾನ್ ಆಸ್ಪತ್ರೆಯವರೇ ಕೊಡುತ್ತಾರಾ, ನಾನೇ ತಗೊಂಡು ಹೋಗಬೇಕಾ?