ಸಹಾಯ ಬೇಕು: ‘ತನಕ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಯಾವ ಪದ ಸರಿ?

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಯ ಮಗಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುವಾಗ ನನಗೊಂದು ತೊಡಕು ಎದುರಾಗಿದೆ. ‘ಮಳೆ ನಿಲ್ಲುವ ತನಕ ಇಲ್ಲೇ ಇರು’ ಎಂಬಲ್ಲಿ ‘ಅನ್‌ಟಿಲ್’ ಬಂದರೆ, ‘ಮಳೆ ಸುರಿಯುತ್ತಿರುವ ತನಕ ಇಲ್ಲೇ ಇರು’ ಎಂಬಲ್ಲಿ ‘ಆ್ಯಸ್ ಲಾಂಗ್ ಆ್ಯಸ್’ ಬರುತ್ತದೆ. ಮೊದಲನೆಯದು ಕೊನೆಯ ಕ್ಷಣವನ್ನು, ಎರಡನೆಯದು ಮುಂದುವರಿಯುತ್ತಿರುವ ಸ್ಥಿತಿಯನ್ನು ಸೂಚಿಸುತ್ತದೆ ಎಂಬಷ್ಟು ನನಗೆ ಸ್ಪಷ್ಟವಿದೆ. ಆದರೆ ‘ಅಪ್ಪ ಬಾರದ ತನಕ ನಾನು ಊಟ ಮಾಡುವುದಿಲ್ಲ’ ಎಂಬುದನ್ನು ಆಕೆ ‘ಅನ್‌ಟಿಲ್ ಫಾದರ್ ಡಸ್ ನಾಟ್ ಕಮ್’ ಎಂದು ಬರೆದಿದ್ದಳು. ನಮ್ಮ ‘ಬಾರದ’ ಎಂಬ ನಿಷೇಧರೂಪವೇ ಅಲ್ಲಿ ‘ನಾಟ್’ ಆಗಿ ನುಸುಳಿದೆ ಎನಿಸುತ್ತದೆ. ‘ಅನ್‌ಟಿಲ್ ಫಾದರ್ ಕಮ್ಸ್’ ಎಂದು ತಿದ್ದಿದೆನಾದರೂ, ಕಾರಣವನ್ನು ಅವಳ ಮನಸ್ಸಿಗೆ ನಾಟುವಂತೆ ವಿವರಿಸಲಾಗಲಿಲ್ಲ. ಇದನ್ನು ಮಕ್ಕಳಿಗೆ ಕಲಿಸಿದ ಅನುಭವವುಳ್ಳವರು ಸುಲಭವಾದ ವಿವರಣೆಯನ್ನು, ಸಾಧ್ಯವಾದರೆ ಎರಡು-ಮೂರು ಉದಾಹರಣೆಗಳೊಂದಿಗೆ, ತಿಳಿಸಿಕೊಡಬೇಕಾಗಿ ವಿನಂತಿ.